ನೆರಳು ಡ್ಯೂಟಿ

ಶಾಲೆಯ ಮಕ್ಕಳಿಗೆ ಬನ್ನಿನಲ್ಲಿಟ್ಟು ಕೊಡುವ ಪ್ಯಾಟಿಯಿಂದ ಅಲಸಂದೆಯನ್ನು ತೆಗೆದರು. ಅದರ ಜಾಗಕ್ಕೆ ಮರಗೆಣಸಿನ ಹಿಟ್ಟು ಹಾಕಿದರು. ಯಾರಿಗೂ ಹೇಳಲಿಲ್ಲ.

ನಮ್ಮೂರಲ್ಲಿ ಇಂಥದ್ದನ್ನು ಬಹಳ ಕಾಲ ಮುಚ್ಚಿಡುವುದು ಕಷ್ಟ. ಮನುಷ್ಯ ಏನು ಉಂಡಿದ್ದಾನೆ ಅನ್ನುವುದು ಇಲ್ಲಿ ಅವನ ನೆರಳಲ್ಲಿ ಕಾಣುತ್ತದೆ. ಸತ್ವದ ಊಟ ಉಂಡವನ ನೆರಳು ಬಾಣಲೆಯ ತಳದ ಹಾಗೆ ಕಪ್ಪಗೆ, ಗಟ್ಟಿಯಾಗಿ ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಅರೆಹೊಟ್ಟೆಯವನದು ತೊಳೆದ ಮಸಿಬಟ್ಟೆಯ ಹಾಗೆ ಮಾಸಲು. ಉಂಡದ್ದು ನೆರಳಿಗೆ ಇಳಿಯುವುದಕ್ಕೆ ಒಂದು ಎಲೆಯಡಿಕೆ ಜಗಿದು ಉಗಿಯುವಷ್ಟು ಹೊತ್ತು ಸಾಕು. ಅದಕ್ಕೇ ನಮ್ಮಲ್ಲಿ ಹೆಣ್ಣು ನೋಡುವವರು ನಡುಮಧ್ಯಾಹ್ನ ಬರುತ್ತಾರೆ. ಬಾಡಿಗೆಗೆ ಮನೆ ಕೊಡುವವರು ಕೆಲಸ ಎಲ್ಲಿ, ಸಂಬಳ ಎಷ್ಟು ಎಂದು ಕೇಳುವ ಮೊದಲು ಅಂಗಳಕ್ಕೆ ಕರೆದು ನಿಲ್ಲಿಸಿಕೊಳ್ಳುತ್ತಾರೆ. ಕಷ್ಟದಲ್ಲಿರುವವರು ಸಂಜೆ ಹೊತ್ತು ಪೇಟೆಗೆ ಹೋಗುತ್ತಾರೆ. ಆಗ ಎಲ್ಲರ ನೆರಳೂ ಉದ್ದವಾಗಿ ಒಂದರ ಮೇಲೊಂದು ಬಿದ್ದು ಯಾವುದು ಯಾರದೆಂದು ತಿಳಿಯುವುದಿಲ್ಲ.

ನನ್ನ ಅಜ್ಜಿ ರಾಗಿ, ಹುರುಳಿ, ಸಿಕ್ಕಾಗ ಬಾಡು ಉಂಡು ಬೆಳೆದ ಹೆಂಗಸು. ಅವಳು ಹರೆಯದಲ್ಲಿದ್ದಾಗ ಮೇಲುಬೀದಿಯವರು ಅವಳ ನೆರಳು ತಮ್ಮ ಮೇಲೆ ಬೀಳಬಾರದೆಂದು ದೂರದಿಂದಲೇ ಕೂಗಿ ದಾರಿ ಬಿಡಿಸುತ್ತಿದ್ದರಂತೆ. ಅವಳು ಮುದುಕಿಯಾದ ಮೇಲೆ ಅದೇ ಬೀದಿಯವರು ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿನ ಬಯಲಲ್ಲಿ ಅವಳ ನೆರಳಿಗೆ ಬಂದು ನಿಂತು ಬೆವರು ಒರೆಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಅಜ್ಜಿ ಅವರನ್ನು ಅಟ್ಟಲಿಲ್ಲ. "ನಿಂತ್ಕಳ್ಳಿ, ನಿಂತ್ಕಳ್ಳಿ. ಹುರುಳಿ ಸಾರಿನ ನೆಳ್ಳು, ಮೈಲಿಗೆ ಆಗಕ್ಕಿಲ್ಲ" ಎಂದು ಬೊಚ್ಚುಬಾಯಲ್ಲಿ ನಗುತ್ತಿದ್ದಳು. ನಾಚಿಕೆಯಾದವರು ಸರಿದು ಹೋಗುತ್ತಿದ್ದರು. ಬಹಳ ಜನಕ್ಕೆ ಬಿಸಿಲೇ ಜಾಸ್ತಿಯಾಗಿರುತ್ತಿತ್ತು.

ನಾನು ಕೆಂಪಾಜಮ್ಮ. ಊರಾಚೆಯ ಪ್ಯಾಟಿ ಕಾರ್ಖಾನೆಯಲ್ಲಿ ನನ್ನದು ನೆರಳು ಡ್ಯೂಟಿ. ಈ ಕಾರ್ಖಾನೆ ಬರುವ ಮೊದಲು ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಮೊಟ್ಟೆ ಕೊಡುತ್ತಿದ್ದರು. ಮೊಟ್ಟೆಯಿಂದ ಮಕ್ಕಳ ಗುಣ ಕೆಡುತ್ತದೆ ಎಂದು ಕೆಲವು ದೊಡ್ಡವರು ಸಭೆ ಮಾಡಿ ಹೇಳಿದರು. ತಟ್ಟೆಯಿಂದ ಮೊಟ್ಟೆ ಹೋಯಿತು. ಅವರ ಮಕ್ಕಳು ಆ ಶಾಲೆಗೆ ಬರುತ್ತಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮೊಟ್ಟೆಯ ಬದಲಿಗೆ ಏನು ಎಂದು ತಾಯಂದಿರು ಜಗಳಕ್ಕೆ ನಿಂತಾಗ ಈ ಕಾರ್ಖಾನೆ ಬಂತು: ಮಾಂಸವಿಲ್ಲದ ಬರ್ಗರ್, ಬನ್ನಿನ ನಡುವೆ ಇಟ್ಟುಕೊಡುವ ಕೆಂಪನೆಯ ಪ್ಯಾಟಿ.

ಮೊದಮೊದಲು ಆ ಪ್ಯಾಟಿಯ ಬಗ್ಗೆ ಒಂದು ಕೆಟ್ಟ ಮಾತು ಆಡುವ ಹಾಗಿರಲಿಲ್ಲ, ನನಗೆ ಬಾಯಿ ಬಿಟ್ಟು ಹೇಳುವುದಕ್ಕೆ ಹೆಮ್ಮೆ. ನನ್ನ ಜೊತೆ ಕೆಲಸ ಮಾಡುವ ಮುಬೀನಾ ಅಲಸಂದೆಯನ್ನು ನೆನೆಹಾಕಿ, ಬೆರಳಲ್ಲಿ ಹಿಸುಕಿದರೆ ಒಡೆಯುವ, ಆದರೆ ಗೊಜ್ಜಾಗದ ಹದಕ್ಕೆ ಬೇಯಿಸುತ್ತಿದ್ದಳು. ಸೋಯಾ ತುಣುಕುಗಳನ್ನು ಬಿಸಿನೀರಲ್ಲಿ ಅರಳಿಸಿ ಹಿಂಡಿ ಹಾಕುವುದು. ಬಾಯಿಗೆ ನಾರು ನಾರಾಗಿ ಸಿಗುವುದು ಅದೇ. ಬಣ್ಣಕ್ಕೆ ತುರಿದ ಬೀಟ್‌ರೂಟು, ಘಮಕ್ಕೆ ಹುರಿದ ಈರುಳ್ಳಿ, ಎಲ್ಲವೂ ಒಂದನ್ನೊಂದು ಹಿಡಿದುಕೊಳ್ಳಲಿ ಎಂದು ಅಗಸೆ ಪುಡಿ. ಡ್ರಮ್ಮಿನಲ್ಲಿ ಕಲೆಸಿ, ಯಂತ್ರದಲ್ಲಿ ಒತ್ತಿ, ಎಣ್ಣೆಯಲ್ಲಿ ಅರೆಬೇಯಿಸಿ, ಬೆಲ್ಟಿನ ಮೇಲೆ ಚಳಿಕೋಣೆಗೆ ಕಳಿಸುವುದು. ಅಲ್ಲಿ ಗಾಳಿ ಚೂರಿಯ ಹಾಗೆ ಬೀಸುತ್ತದೆ. ಆಚೆ ಕಡೆಯಿಂದ ಹೊರಬರುವಾಗ ಪ್ಯಾಟಿ ಕಲ್ಲು. ತಟ್ಟೆಗೆ ಬಿದ್ದರೆ ಠಣ್ ಅನ್ನಬೇಕು. ಶಾಲೆಯಲ್ಲಿ ತವಾದ ಮೇಲೆ ಹಾಕಿದರೆ ಮತ್ತೆ ಜೀವ.

ಐಸಿನಲ್ಲಿಟ್ಟ ಪದಾರ್ಥ ಅಂದರೆ ತಂಗಳಿಗಿಂತ ಕಡೆ, ಸತ್ವವೆಲ್ಲ ಚಳಿಗೆ ಸತ್ತುಹೋಗಿರುತ್ತದೆ ಎಂದು ಊರವರು ಆಡಿಕೊಂಡರು. ಆಗ ಶುರುವಾದದ್ದೇ ನೆರಳು ಡ್ಯೂಟಿ. ನಾನು ಬರಿಹೊಟ್ಟೆಯಲ್ಲಿ ಬರುವುದು, ಆಯಾ ದಿನದ ಪ್ಯಾಟಿ ತಿನ್ನುವುದು, ಅಂಗಳದ ಸುಣ್ಣ ಬಳಿದ ಕಟ್ಟೆಯ ಮೇಲೆ ಬಿಸಿಲಲ್ಲಿ ನಿಲ್ಲುವುದು. ನೆರಳು ಗಟ್ಟಿಯಾಗಿ ಇಳಿದರೆ ಲಾರಿ ಹೊರಡುತ್ತದೆ. ಆಗತಾನೇ ಕರಿದದ್ದನ್ನು ತಿಂದು ನಿಂತೆ, ಚಳಿಕೋಣೆಯಲ್ಲಿ ಬಹಳ ದಿನ ಮಲಗಿದ್ದನ್ನು ತಿಂದು ನಿಂತೆ. ನೆರಳಲ್ಲಿ ಎಳೆಯಷ್ಟೂ ಭೇದ ಕಾಣಲಿಲ್ಲ. ಜನ ಒಪ್ಪಿದರು. ಚಳಿ ಏನನ್ನೂ ಕದಿಯುವುದಿಲ್ಲ. ಹಾಕಿದ್ದನ್ನು ಹಾಕಿದ ಹಾಗೇ ಕಾದು ಕೊಡುತ್ತದೆ. ಹಾಕದೇ ಇದ್ದದ್ದನ್ನು ಮಾತ್ರ ಯಾವ ಫ್ರೀಜರಿಗೂ ಕಾಯಲು ಬರುವುದಿಲ್ಲ.

ಒಂದು ಕಟ್ಟಳೆ ಮಾತ್ರ ನಮಗೆ ನುಂಗಲಾಗುತ್ತಿರಲಿಲ್ಲ. ಗೇಟಿನಲ್ಲಿ ವಾಚ್‌ಮನ್ ನಮ್ಮ ಊಟದ ಡಬ್ಬಿಗಳನ್ನು ಮೂಸಿ ನೋಡುತ್ತಿದ್ದ. ಕರಿಮೀನೋ ಮೊಟ್ಟೆಯೋ ವಾಸನೆ ಬಂದರೆ ಡಬ್ಬಿ ಕಾಂಪೌಂಡಿನ ಮೇಲೇ ಉಳಿಯುತ್ತಿತ್ತು, ಕಾಗೆಗಳ ಪಾಲಿಗೆ. ಇದು ಶುದ್ಧ ಜಾಗ ಎಂದು ಮ್ಯಾನೇಜರ್ ನಾಗಭೂಷಣ ಸಾರ್ ಬೋರ್ಡು ಬರೆಸಿದ್ದರು. ನಮ್ಮೂರ ಕಾಗೆಗಳ ನೆರಳು ಗಟ್ಟಿಯಾದದ್ದು ಹಾಗೆ ಎಂದು ಮುಬೀನಾ ತಮಾಷೆ ಮಾಡುತ್ತಿದ್ದಳು.

ಒಂದು ದಿನ ಬೆಳಗ್ಗೆ ಮುಬೀನಾಳ ಅಲಸಂದೆ ಹಂಡೆಗಳನ್ನು ಬೋರಲು ಹಾಕಿದ್ದರು. ಬಿಳಿ ಮೂಟೆಗಳು ಬಂದಿದ್ದವು. ಇದು ಅಲಸಂದೆಯ ಸತ್ವವನ್ನಷ್ಟೇ ತೆಗೆದು ಮಾಡಿದ ಪುಡಿ, ಇನ್ನು ನೆನೆಹಾಕುವ ಬೇಯಿಸುವ ಗೋಳಿಲ್ಲ ಎಂದು ನಾಗಭೂಷಣ ಸಾರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು. ಮುಬೀನಾಳನ್ನು ಪ್ಯಾಕಿಂಗಿಗೆ ಹಾಕಿದರು. ಸೋಯಾ ಕಡಿಮೆಯಾಯಿತು, ಮೈದಾ ಬಂತು, ಬೀಟ್‌ರೂಟಿನ ಬದಲು ಒಂದು ಚಮಚ ಬಣ್ಣ, ಈರುಳ್ಳಿಯ ಬದಲು ಘಮದ ಪುಡಿ. ಸುಳ್ಳು ಯಾಕೆ ಹೇಳಲಿ, ಪ್ಯಾಟಿ ಮೊದಲಿಗಿಂತ ಚೆಂದವಾಯಿತು. ಅಂಚು ಒಡೆಯುತ್ತಿರಲಿಲ್ಲ, ಕೆಂಪು ಇನ್ನೂ ಕೆಂಪಾಗಿತ್ತು. ಠಣ್ ಅನ್ನುವುದೂ ಜೋರಾಗಿತ್ತು. ಇನ್ನು ಸತ್ವ ಅಳೆಯಲು ಯಂತ್ರ ತರಿಸಿದ್ದೇವೆ, ನೀನು ನಿಲ್ಲುವುದು ಬೇಡ ಎಂದು ನನ್ನನ್ನೂ ಪ್ಯಾಕಿಂಗಿಗೆ ಕಳಿಸಿದರು. ಆ ಯಂತ್ರವನ್ನು ನಾವು ಯಾರೂ ಕಾಣಲಿಲ್ಲ. ಮುಬೀನಾ ಮಾತ್ರ ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುತ್ತ, "ಸತ್ವ ತಗುದ್ರಂತೆ. ಹಂಗಾದ್ರೆ ಸಿಪ್ಪೆ ಎಲ್ಲಿಗೆ ಹೋಯ್ತಕ್ಕ?" ಎಂದು ಕೇಳಿದಳು. ನಾನು ಮುಂದಿನ ಪೆಟ್ಟಿಗೆ ಎಳೆದುಕೊಂಡೆ.

ಇಷ್ಟರಲ್ಲಿ ಶಾಲೆಯ ಮಕ್ಕಳ ನೆರಳು ಬಿಳಿಚಿಕೊಂಡಿತು. ಮಧ್ಯಾಹ್ನ ಆಟಕ್ಕೆ ಬಿಟ್ಟಾಗ ಹೆಣ್ಣುಮಕ್ಕಳು ಕುಂಟಬಿಲ್ಲೆ ಆಡುವ ಕಡೆ ನೆಲದ ಮೇಲೆ ಬೂದಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ತಾಯಂದಿರು ಕಂಗಾಲಾದರು. ಆದರೆ ಅದೇ ಸಮಯಕ್ಕೆ ಶಾಲೆಯ ಅಂಗಳಕ್ಕೆ ಹೊಸದಾಗಿ ಬಿಳಿ ಕಲ್ಲು ಹಾಸಿದ್ದರು. ಕಣ್ಣು ಕುಕ್ಕುವ ಬಿಳಿ. ನೆಲದ ಬೆಳಕೇ ಮಕ್ಕಳ ನೆರಳನ್ನು ತಿನ್ನುತ್ತಿದೆ ಎಂದು ಯಾರೋ ಅಂದರು, ಎಲ್ಲರೂ ಹೌದೌದು ಅಂದರು, ನಾನೂ ಅಂದೆ. ನೆರಳನ್ನೇ ನೋಡಿ ಬದುಕುವ ಊರಿನವರು ನೆರಳು ಕೆಟ್ಟರೆ ನೆಲವನ್ನು ಬೈಯುತ್ತೇವೆ, ತಟ್ಟೆಯನ್ನಲ್ಲ. ಸುದ್ದಿ ತಿಳಿದ ನಾಗಭೂಷಣ ಸಾರ್ ಕಾರ್ಖಾನೆಯ ವತಿಯಿಂದ ಅಂಗಳಕ್ಕೆಲ್ಲ ಟಾರು ಹಾಕಿಸಿಕೊಟ್ಟರು. ಕಪ್ಪು ಟಾರಿನ ಮೇಲೆ ಎಲ್ಲ ಮಕ್ಕಳ ನೆರಳೂ ಕಪ್ಪೇ. ತಾಯಂದಿರು ಕಣ್ಣೊರೆಸಿಕೊಂಡು ಅವರಿಗೆ ಹಾರ ಹಾಕಿದರು. ಮಕ್ಕಳ ಕಾಲು ಸುಡುತ್ತಿತ್ತು. ಕ್ಲಾಸಿನಲ್ಲಿ ಕೂತ ಮಕ್ಕಳು ಊಟವಾದ ಮೇಲಿನ ಮೊದಲ ಪಾಠಕ್ಕೇ ಬೆಂಚಿಗೆ ತಲೆಯಾನಿಸಿ ಮಲಗುತ್ತವೆ ಎಂದು ಎಸ್ತರ್ ಟೀಚರ್ ಅದೇ ಸಭೆಯಲ್ಲಿ ಎದ್ದುನಿಂತು ಹೇಳಿದರು. ಹಾರದ ಗಲಾಟೆಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ನನ್ನ ಮಗಳು ಚಂಪಾ ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ನಮ್ಮ ಕಡೆ ವರ್ಷವರ್ಷವೂ ಹುಟ್ಟಿದ ದಿನ ಮಗುವನ್ನು ಅಂಗಳದಲ್ಲಿ ನಿಲ್ಲಿಸಿ, ಅದರ ನೆರಳಿನ ಎದೆಯ ಜಾಗಕ್ಕೆ ಮುತ್ತುಗದ ಎಲೆಯ ಮೇಲೆ ಬೆಣ್ಣೆಮುದ್ದೆ ಇಡುತ್ತೇವೆ. ಅಜ್ಜಿಯರು ಸೋಬಾನೆ ಹೇಳಿ ಮುಗಿಸುವ ತನಕ ಬೆಣ್ಣೆ ಕರಗದೆ ನಿಂತರೆ ಮಗು ಚೆನ್ನಾಗಿದೆ ಎಂದರ್ಥ. ಬೆಣ್ಣೆಯನ್ನು ಮಗುವಿನ ಬಾಯಿಗೇ ಇಡುತ್ತೇವೆ. ಈ ಸಲ ಚಂಪಾ ಹೊಸ ಲಂಗ ಹಾಕಿಕೊಂಡು ನೆಟ್ಟಗೆ ನಿಂತಳು. ಪಕ್ಕದ ಮನೆಯ ಮುದುಕಿ ಮೊದಲ ನುಡಿ ಎತ್ತಿಕೊಂಡಳು. ಎರಡನೇ ನುಡಿಗೆ ಬರುವಷ್ಟರಲ್ಲಿ ಬೆಣ್ಣೆ ಎಲೆಯ ಅಂಚಿನಿಂದ ಇಳಿದು ಮಣ್ಣಿಗೆ ಹರಿಯಿತು. ಚಂಪಾ ಬಗ್ಗಿ ನೋಡಿದಳು.

"ಅವ್ವ, ನನ್ ನೆಳ್ಳು ಸೋರ್ತಾದೆ" ಅಂದಳು.

ನಮ್ಮ ಅಂಗಳ ಕೆಮ್ಮಣ್ಣು. ಅಲ್ಲಿ ಬಿಳಿ ಕಲ್ಲೂ ಇಲ್ಲ, ಟಾರೂ ಇಲ್ಲ. ಬೈಯುವುದಕ್ಕೆ ನೆಲ ಸಿಗಲಿಲ್ಲ. ಮನೆಯಲ್ಲಿ ಬೆಳಗ್ಗೆ ಮುದ್ದೆ, ರಾತ್ರಿ ಅನ್ನ ಸಾರು, ಮೊದಲಿನಿಂದಲೂ ಅದೇ. ಕೂಲಿಯವರ ಮಕ್ಕಳಿಗೆ ಗಟ್ಟಿ ಊಟವೆಂದರೆ ಶಾಲೆಯ ಮಧ್ಯಾಹ್ನದ್ದೇ. ಬದಲಾದದ್ದು ಒಂದೇ ಒಂದು, ಅದನ್ನು ದಿನವೂ ಪೆಟ್ಟಿಗೆಗೆ ತುಂಬಿ ಟೇಪು ಅಂಟಿಸಿ ಕಳಿಸುತ್ತಿದ್ದದ್ದು ನನ್ನದೇ ಎರಡು ಕೈ.

ಮುಬೀನಾಳ ಮನೆಯ ಮಾಳಿಗೆಯ ಮೇಲೆ ಭಾನುವಾರ ನಾವು ಕೆಲವು ಹೆಂಗಸರು ಸೇರುತ್ತೇವೆ. ಯಾರಾದರೂ ಒಬ್ಬರು ಪೇಪರನ್ನೋ ಪುಸ್ತಕವನ್ನೋ ಜೋರಾಗಿ ಓದುವುದು, ಉಳಿದವರು ಸೊಪ್ಪು ಬಿಡಿಸುತ್ತ ಕೇಳುವುದು, ಆಮೇಲೆ ಗಂಟೆಗಟ್ಟಲೆ ಜಗಳ. ಸಹಿ ಹಾಕುವುದನ್ನು ನಾನು ಕಲಿತದ್ದು ಅಲ್ಲೇ, ಯಾವುದಕ್ಕೆ ಹಾಕಬಾರದು ಎಂದು ಕಲಿತದ್ದೂ ಅಲ್ಲೇ. ಎಸ್ತರ್ ಟೀಚರೂ ಬರುತ್ತಾರೆ. ಆ ಭಾನುವಾರ ಓದಲಿಲ್ಲ. ನಾನು ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಮುಬೀನಾ ಮಗಳ ಮದುವೆಗೆಂದು ಎತ್ತಿಟ್ಟಿದ್ದ ಬಿಳಿ ಹಚ್ಚಡವನ್ನು ಮಾಳಿಗೆಯ ಮೇಲೆ ಹಾಸಿದಳು. ಟೀಚರ್ ಶಾಲೆಯಲ್ಲಿ ಉಳಿದಿದ್ದ ಪ್ಯಾಟಿ ತಂದಿದ್ದರು. ತವಾದಲ್ಲಿ ಬೇಯಿಸಿ ತಿಂದು ಹಚ್ಚಡದ ಮೇಲೆ ನಿಂತೆ. ಹೊಟ್ಟೆ ಭಾರವಾಯಿತು. ಒಂದು ತೇಗೂ ಬಂತು. ನೆರಳು ಮಾತ್ರ ಇದ್ದಲ್ಲೇ ಇತ್ತು. ಹಚ್ಚಡದ ಹೂವಿನ ಕಸೂತಿ ಅದರೊಳಗಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ಮುಬೀನಾ ಹಳೆಯ ಹದಕ್ಕೆ ಬೇಯಿಸಿದ ಅಲಸಂದೆಯನ್ನು ಒಂದು ಬಟ್ಟಲು ಕೊಟ್ಟಳು. ಉಪ್ಪು, ಒಂದು ಹಸಿಮೆಣಸಿನಕಾಯಿ, ಅಷ್ಟೇ. ತಿಂದು ಬಾಯಿ ಒರೆಸಿಕೊಂಡು ನಿಂತೆ. ಕಾಲ ಬಳಿಯಿಂದ ಕಪ್ಪು ಏರತೊಡಗಿತು, ಮೊಣಕಾಲು, ಸೊಂಟ, ಹೆಗಲು. ಹೂವುಗಳು ಒಂದೊಂದಾಗಿ ಮುಳುಗಿದವು. ಮುಬೀನಾ, ಆ ಪುಡಿ ಸತ್ವ ತೆಗೆದದ್ದೇ ಹೌದು, ನಮ್ಮ ಮಕ್ಕಳಿಂದ ತೆಗೆದದ್ದು ಅಂದಳು.

ಮಾರನೇ ದಿನದಿಂದಲೇ ಟೀಚರ್ ಶಾಲೆಯ ಅಡುಗೆಮನೆಯಲ್ಲಿ ಒಂದು ಹಂಡೆ ಇಟ್ಟರು. ಬೀದಿಗೊಬ್ಬರಂತೆ ತಾಯಂದಿರು ಮಡಿಲಲ್ಲಿ ಕಾಳು ತಂದು ಸುರಿದರು, ಕೆಲವರು ಹಿಡಿ, ಕೆಲವರು ಸೇರು. ಹಾರ ಹಾಕಿದ್ದವರೇ ಮೊದಲು ತಂದರು. ಬನ್ನಿನೊಳಗೆ ಅಲಸಂದೆ ಹಾಕಿಕೊಡುವಾಗ ಮಕ್ಕಳು ಮುಖ ಕಿವುಚಿದವು. ಪ್ಯಾಟಿಯ ಕೆಂಪು ಅದಕ್ಕೆಲ್ಲಿ ಬರಬೇಕು. ಆದರೆ ವಾರ ಕಳೆಯುವಷ್ಟರಲ್ಲಿ ಮಧ್ಯಾಹ್ನದ ಪಾಠಕ್ಕೆ ಎಚ್ಚರವಾಗಿ ಕೂತು ಒಬ್ಬರ ಜುಟ್ಟು ಒಬ್ಬರು ಎಳೆಯತೊಡಗಿದವು. ಟೀಚರ್ ಆ ಗಲಾಟೆಯನ್ನು ಬಾಗಿಲಲ್ಲಿ ನಿಂತು ಕೇಳುತ್ತಿದ್ದರಂತೆ, ಗದರದೆ. ಆದರೆ ಮಡಿಲ ಕಾಳು ಎಷ್ಟು ದಿನ ಬಂದೀತು? ಸುತ್ತಲಿನ ಎಲ್ಲ ಊರುಗಳ ಶಾಲೆಗೂ ಇದೇ ಪ್ಯಾಟಿ ಕೊಡುವ ಮಾತು ನಡೆದಿತ್ತು. ಅದನ್ನು ಒಪ್ಪುವುದೋ ಬಿಡುವುದೋ ನೋಡಲು ಆ ಊರುಗಳಿಂದ ಸಮಿತಿ ಬರುತ್ತಿತ್ತು. ಕಂಪನಿಯವರು ಯಂತ್ರದ ಮಾತು ಎತ್ತಿದರಂತೆ; ಯಂತ್ರ ಗಿಂತ್ರ ನಮಗೆ ತಿಳಿಯದು, ನಿಮ್ಮಲ್ಲಿ ನೆರಳು ಡ್ಯೂಟಿಯವಳು ಇದ್ದಾಳಲ್ಲ, ಅವಳು ತಿಂದು ನಿಲ್ಲಲಿ ಎಂದು ಸಮಿತಿಯವರು ಹಟ ಹಿಡಿದರಂತೆ. ಸಮಿತಿಯವರು ಪ್ಯಾಟಿಯನ್ನು ಒಪ್ಪಿದರೆ ಆ ಊರುಗಳ ಮಕ್ಕಳೆಲ್ಲರ ಬೆಣ್ಣೆಯೂ ಕರಗುತ್ತಿತ್ತು.

ಸಮಿತಿ ಬರುವ ದಿನ ಬೆಳಗ್ಗೆ ನಾಗಭೂಷಣ ಸಾರ್ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಬಾಗಿಲು ತೆರೆದ ಕೂಡಲೇ ನನ್ನ ಮೂಗು ನಂಬಲಿಲ್ಲ. ಅವರ ಮೇಜಿನ ಮೇಲೆ, ದೇವರ ಫೋಟೋದ ಎದುರಿಗೇ, ಒಂದು ಟಿಫಿನ್ ಕ್ಯಾರಿಯರ್. ಮೇಲಿನ ಡಬ್ಬಿಯಲ್ಲಿ ಬಿಸಿ ಮುದ್ದೆ, ಕೆಳಗಿನದರಲ್ಲಿ ನಾಟಿಕೋಳಿ ಸಾರು, ಅದರಲ್ಲಿ ತೇಲುವ ಎರಡು ಮೊಟ್ಟೆ. ಸಾರ್ ಮೂಗಿಗೆ ಕರ್ಚೀಫು ಹಿಡಿದು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

"ಉಣ್ಣು ಕೆಂಪಾಜಮ್ಮ. ನಿಧಾನವಾಗಿ ಉಣ್ಣು" ಅಂದರು. "ಆಮೇಲೆ ಹೋಗಿ ಅವರ ಮುಂದೆ ಒಂದು ಪ್ಯಾಟಿ ತಿಂದು ನಿಂತರೆ ಆಯಿತು."

ನನಗೆ ಹಸಿವಾಗಿತ್ತು. ನೆರಳು ಡ್ಯೂಟಿಯ ಕಟ್ಟಳೆಯಂತೆ ಹಿಂದಿನ ಮಧ್ಯಾಹ್ನದಿಂದ ನೀರು ಬಿಟ್ಟು ಬೇರೇನೂ ಒಳಗೆ ಹೋಗಿರಲಿಲ್ಲ. ಸಾರಿನ ಮೇಲೆ ಎಣ್ಣೆ ಕಟ್ಟಿದ್ದ ಬಗೆ ನೋಡಿದರೆ ಯಾರೋ ಬಲ್ಲವರೇ ಮಾಡಿದ್ದರು. ಬಾಯಲ್ಲಿ ನೀರೂರಿತು, ನಾಚಿಕೆಯೂ ಆಯಿತು, ಆಮೇಲೆ ನಗು ಬಂತು.

"ವಾಚ್‌ಮನ್ನು ಇದನ್ನ ಮೂಸಿ ನೋಡ್ಲಿಲ್ವಾ ಸಾರ್?" ಅಂದೆ.

"ನನ್ನ ಕಾರಿನಲ್ಲಿ ಬಂತು" ಅಂದರು, ತಿರುಗದೆ. "ಇದೇನು ವಿಷವಲ್ಲ. ನಿಮ್ಮವರು ಉಣ್ಣುವುದೇ."

"ನಮ್ಮೋರು ಉಣ್ಣದೇ ಸಾರ್. ನಾವು ತಂದ್ರೆ ಅದು ಕಾಗೆಗೆ. ನೀವು ತಂದ್ರೆ ಪ್ಯಾಟಿಗೆ."

ಅವರು ಕರ್ಚೀಫು ತೆಗೆದರು. ಸಿಟ್ಟು ಬಂದಾಗ ವಾಸನೆ ಗೊತ್ತಾಗುವುದಿಲ್ಲವೇನೋ. ಈ ಒಪ್ಪಂದ ಸಿಗದಿದ್ದರೆ ಕಾರ್ಖಾನೆಯೇ ಮುಚ್ಚುತ್ತದೆ, ಅಷ್ಟು ಹೆಂಗಸರ ಅನ್ನ ನಿನ್ನ ಕೈಯಲ್ಲಿದೆ ಎಂದರು. ಎಲ್ಲ ಕಡೆಯೂ ಹೀಗೇ ಮಾಡುವುದು, ಹೊಟ್ಟೆ ತುಂಬಿದರೆ ಸಾಲದೇ, ಬಡ ಮಕ್ಕಳ ನೆರಳು ಯಾರು ನೋಡುತ್ತಾರೆ ಎಂದರು. ಕೊನೆಗೆ, ನಿನಗೆ ಕೆಲಸ ಬೇಕೋ ಬೇಡವೋ ಎಂದು ಕೇಳಿದರು.

"ಕೆಲ್ಸ ಬೇಕು ಸಾರ್" ಅಂದೆ. "ಅಲಸಂದೆ ಬೇಯ್ಸೋ ಕೆಲ್ಸ. ಹಂಡೆ ಇನ್ನೂ ಅಲ್ಲೇ ಅವೆ, ಎತ್ತಿ ಇಟ್ರೆ ಆಯ್ತು. ಕೋಳಿ ನೆಳ್ಳನ್ನ ನಿಮ್ಮ ಪ್ಯಾಟಿ ನೆಳ್ಳು ಅಂತ ತೋರ್ಸಕ್ಕೆ ನನ್ನಿಂದ ಆಗಲ್ಲ." ಡಬ್ಬಿಯ ಮುಚ್ಚಳ ಹಾಕಿ ಕೊಂಡಿ ಸಿಕ್ಕಿಸಿದೆ. ಅಷ್ಟು ಒಳ್ಳೆಯ ಸಾರಿಗೆ ಮುಚ್ಚಳ ಹಾಕುವ ಮೊದಲು ಇನ್ನೊಂದು ಸಲ ಮೂಸಿದೆ, ಅದು ನಿಜ.

ಅಂಗಳದಲ್ಲಿ ಶಾಮಿಯಾನದ ಕೆಳಗೆ ಸಮಿತಿಯವರು ಗೋಡಂಬಿ ತಿನ್ನುತ್ತ ಕೂತಿದ್ದರು. ತಟ್ಟೆಯಲ್ಲಿ ಪ್ಯಾಟಿ ಬಂತು, ಬಿಸಿಯಾಗಿ, ಕೆಂಪಗೆ. ಅವರ ಎದುರಿಗೇ ತಿಂದು ಸುಣ್ಣದ ಕಟ್ಟೆ ಹತ್ತಿದೆ. ನೆತ್ತಿ ಸುಡುತ್ತಿತ್ತು. ಎಲೆಯಡಿಕೆಯ ಹೊತ್ತು ಕಳೆಯಿತು. ಇನ್ನೊಂದು ಎಲೆಯಡಿಕೆಯ ಹೊತ್ತೂ ಕಳೆಯಿತು. ಕಟ್ಟೆಯ ಮೇಲೆ ಯಾರೋ ನೀರು ಚೆಲ್ಲಿ ಒರೆಸಿದಂಥ ಒಂದು ಕಲೆ, ಅದೇ ನಾನು. ಗೋಡಂಬಿ ತಿನ್ನುವ ಸದ್ದು ನಿಂತಿತು. ಸಮಿತಿಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದುಬಂದು, ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ನನ್ನ ನೆರಳಿನೊಳಗೆ ಅಂಗೈ ಇಟ್ಟರು. ಸುಣ್ಣದ ನೆಲ ಬಯಲಿನಷ್ಟೇ ಸುಡುತ್ತಿದ್ದಿರಬೇಕು, ಕೈಯನ್ನು ತಟ್ಟನೆ ಹಿಂದೆ ತೆಗೆದರು. ಇವಳಿಗೆ ಜ್ವರ, ನಿನ್ನೆಯಿಂದ ಮೈ ಸರಿಯಿಲ್ಲ ಎಂದು ನಾಗಭೂಷಣ ಸಾರ್ ಓಡಿಬಂದು ಹೇಳತೊಡಗಿದರು.

ಆಗ ಪ್ಯಾಕಿಂಗ್ ಶೆಡ್ಡಿನಿಂದ ಮುಬೀನಾ ಹೊರಬಂದಳು. ಕೈಯಲ್ಲಿ ಅರ್ಧ ತಿಂದ ಪ್ಯಾಟಿ. ಹಿಂದಿನ ದಿನದಿಂದ ಅವಳೂ ಉಪವಾಸವಿದ್ದಳೆಂದು ನನಗೂ ಹೇಳಿರಲಿಲ್ಲ. ಉಳಿದರ್ಧವನ್ನು ಸಮಿತಿಯವರ ಕಣ್ಣೆದುರಿಗೇ ಬಾಯಿಗೆ ಹಾಕಿಕೊಂಡು ಕಟ್ಟೆ ಹತ್ತಿ ನನ್ನ ಪಕ್ಕದಲ್ಲಿ ನಿಂತಳು. ಅವಳ ಹಿಂದೆ ಒತ್ತುಯಂತ್ರದವಳು, ಎಣ್ಣೆ ಬಾಣಲೆಯವಳು, ಚಳಿಕೋಣೆಯಿಂದ ಸ್ವೆಟರು ಬಿಚ್ಚುತ್ತ ಬಂದವಳು, ಅವಳ ಹಾಗೇ ಉಪವಾಸವಿದ್ದವರು, ಎಲ್ಲರೂ ಜಗಿಯುತ್ತಲೇ ಬಂದರು. ಕಟ್ಟೆಯ ಮೇಲೆ ಜಾಗ ಸಾಲದೆ ಕೆಳಗೆ ಸಾಲಾಗಿ ನಿಂತರು. ಒಳಗೆ ಖಾಲಿ ಬೆಲ್ಟು ಒಂದೇ ಸಮನೆ ಓಡುವ ಸದ್ದು ಕೇಳುತ್ತಿತ್ತು. ಅಷ್ಟು ಜನ ಗಟ್ಟಿಮುಟ್ಟು ಹೆಂಗಸರು ನಿಂತಿದ್ದೆವು, ನೆಲದ ಮೇಲೆ ಒಂದು ಗುಬ್ಬಿಗೆ ಕೂರುವಷ್ಟು ತಂಪಿರಲಿಲ್ಲ. ಶಾಮಿಯಾನದ ಕೆಳಗಿದ್ದವರು ಒಬ್ಬೊಬ್ಬರಾಗಿ ಬಿಸಿಲಿಗೆ ಬಂದು ಬಗ್ಗಿ ನೋಡತೊಡಗಿದರು. ಆ ವಯಸ್ಸಾದ ಹೆಂಗಸು ಸುಟ್ಟ ಕೈಯನ್ನು ಸೆರಗಿಗೆ ಒತ್ತಿಕೊಂಡು, ನಿಮ್ಮ ಚಳಿಕೋಣೆಯಲ್ಲಿ ಇನ್ನೇನಿದೆ, ಬಾಗಿಲು ತೆಗೆಸಿ ಎಂದು ನಾಗಭೂಷಣ ಸಾರ್‌ಗೆ ಹೇಳಿದರು.

ಸಾರ್ ಬಾಗಿಲ ಕಡೆ ಹೋಗಲಿಲ್ಲ. ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಮೆಲ್ಲನೆ ಹೇಳಿದರು: "ಸಾಕು ಕೆಂಪಾಜಮ್ಮ. ಇವರನ್ನೆಲ್ಲ ಕರಕೊಂಡು ಇಳಿ. ಶಾಮಿಯಾನದ ಕೆಳಗೆ ಬಾ."

"ಬರಲ್ಲ ಸಾರ್" ಅಂದೆ.